ಇಸವಿಯ ಮುಂದಿನ ಗೆರೆ

ಹೇಳಬೇಕಾದ ಮಾತನ್ನು ಕ್ವಿರೀನೊ ಬೆಳಗಿನಿಂದ ಮೂರು ಸಲ ಬಾಯಿಯವರೆಗೆ ತಂದು ಮೂರು ಸಲವೂ ನುಂಗಿದ್ದ. ಮೊದಲನೆಯ ಸಲ ಚೌಕದ ಕಾಫಿ ಅಂಗಡಿಯಲ್ಲಿ, ವೇಲಿಯಾ ನಿಂತೇ ಕಾಫಿ ಕುಡಿದು ಲೋಟದ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದಾಗ. ಎರಡನೆಯ ಸಲ ಕಣಿವೆಗೆ ಇಳಿಯುವ ಕಡೆ, ಅವಳ ಬೆನ್ನಚೀಲದ ಪಟ್ಟಿ ಸರಿಮಾಡುವ ನೆಪದಲ್ಲಿ ತೀರ ಹತ್ತಿರ ನಿಂತಿದ್ದಾಗ. ಈಗ ಮೂರನೆಯದು, ಎರಡೂವರೆ ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿದ್ದ ಎತ್ರುಸ್ಕರು ಬಂಡೆಯನ್ನು ಕಡಿದು ಮಾಡಿದ ಇಕ್ಕಟ್ಟಿನ ದಾರಿಯಲ್ಲಿ, ಅವಳು ಮುಂದೆ ಅವನು ಹಿಂದೆ. ಮುಖಕ್ಕಿಂತ ಬೆನ್ನಿಗೆ ಹೇಳುವುದು ಸುಲಭ ಅಂದುಕೊಂಡಿದ್ದ. ಸುಲಭವಾಗಿರಲಿಲ್ಲ. ಅವಳ ಬೆನ್ನಿಗೂ ಅವಳದೇ ಸ್ವಭಾವವಿತ್ತು. ನೆಟ್ಟಗೆ, ಯಾರ ಮುಲಾಜೂ ಇಲ್ಲದೆ ಹೋಗುತ್ತಿತ್ತು. ಮಾತಾದರೂ ಎಷ್ಟಿತ್ತು? ವೇಲಿಯಾ, ನನ್ನ ಮನೆಗೆ ಬಂದುಬಿಡು, ಒಟ್ಟಿಗೆ ಇರೋಣ. ಇಷ್ಟೇ. ಕೆಲಸದಲ್ಲಿದ್ದಷ್ಟು ಕಾಲವೂ ತನ್ನೂರು ರೊಕ್ಕಾಫೋಸ್ಕಾದಿಂದ ವಿತೆರ್ಬೊ ಪಟ್ಟಣಕ್ಕೆ ನೀಲಿ ಬಸ್ಸು ಓಡಿಸಿ, ಬಾಗಿಲಲ್ಲಿ ಜೋತುಬಿದ್ದವರನ್ನೆಲ್ಲ ಗದರಿ ಒಳಗೆ ಹಾಕಿದ ಮನುಷ್ಯ ಇಷ್ಟು ಮಾತಿಗೆ ತಡಕಾಡುತ್ತ, ಹೆಜ್ಜೆ ಎಲ್ಲಿಡುತ್ತಿದ್ದೇನೆಂದು ನೋಡದೆ, ಒದ್ದೆ ಓಕ್ ಎಲೆಗಳ ಮೇಲೆ ಜಾರಿ ದೊಪ್ಪನೆ ಕೂತುಬಿಟ್ಟ.

ವೇಲಿಯಾ ತಿರುಗಿ ನೋಡಿದಳು. ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ನಕ್ಕಳು.

"ಏನಯ್ಯ, ಇಲ್ಲೇ ಮಲಗೋ ಅಂದಾಜಾ? ನಿಂಗೆ ಜಾಗ ಆಗ್ಲೇ ಗೊತ್ತುಮಾಡಿಟ್ಟಿದಾರಲ್ಲ ಊರಲ್ಲಿ."

ಅವಳು ಕೈ ಕೊಟ್ಟಳು, ಅವನು ಹಿಡಿದು ಎದ್ದ, ಪ್ಯಾಂಟಿನ ಹಿಂಭಾಗ ಒದರಿಕೊಂಡ. ತಮಾಷೆಗೆ ಅಂದ ಮಾತು. ಆದರೂ ಮುಳ್ಳು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತ್ತು.

ಜಾಗ ಗೊತ್ತಾಗಿದ್ದುದು ನಿಜ. ರೊಕ್ಕಾಫೋಸ್ಕಾದ ಸ್ಮಶಾನದಲ್ಲಿ ಸತ್ತವರನ್ನು ಗೋಡೆಯ ಗೂಡುಗಳಲ್ಲಿ, ಸಾಲಿನ ಮೇಲೆ ಸಾಲಾಗಿ ಇಡುತ್ತಾರೆ. ಕೆಳಗಿನಿಂದ ಎರಡನೆಯ ಸಾಲಿನಲ್ಲಿ, ಸೈಪ್ರೆಸ್ ಮರದ ನೆರಳು ಮಧ್ಯಾಹ್ನ ಬಂದು ಮುಟ್ಟುವ ಕಡೆ, ಅವನ ಹೆಂಡತಿ ಪಾಲ್ಮೀರಾ ಇದ್ದಳು. ಅವಳ ಪಕ್ಕದ ಗೂಡು ಖಾಲಿ, ಅದು ಅವನದು. ಎರಡಕ್ಕೂ ಸೇರಿಸಿ ಒಂದೇ ಅಮೃತಶಿಲೆಯ ಹಲಗೆ. ಎಡಗಡೆ ಪಾಲ್ಮೀರಾಳ ಹೆಸರು, ಎರಡು ಇಸವಿ, ಪಿಂಗಾಣಿಯ ಮೇಲೆ ಅವಳ ಫೋಟೊ. ಬಲಗಡೆ ಕ್ವಿರೀನೊನ ಹೆಸರು, ಅವನು ಹುಟ್ಟಿದ ಇಸವಿ, ಅದರ ಮುಂದೆ ಒಂದು ಗಿಡ್ಡ ಗೆರೆ, ಗೆರೆಯ ಮುಂದೆ ನುಣ್ಣನೆಯ ಖಾಲಿ ಕಲ್ಲು. ಮೇಲೆ ಅವನ ಫೋಟೊ. ಇದರಲ್ಲಿ ವಿಚಿತ್ರವೇನೂ ಇಲ್ಲ. ಗೋಡೆಯ ಮೇಲೆ ಹೀಗೆ ಅರ್ಧ ಕೆತ್ತಿಸಿಕೊಂಡು, ಸಂಜೆ ಚೌಕದಲ್ಲಿ ಇಸ್ಪೀಟಾಡುತ್ತ ಎದುರಾಳಿಗೆ ಬೈಯುವವರು ಆ ಊರಲ್ಲಿ ಬೇಕಾದಷ್ಟು ಮಂದಿ. ಗಂಡ ಹೆಂಡತಿಯಲ್ಲಿ ಒಬ್ಬರು ಹೋದಾಗ ಇನ್ನೊಬ್ಬರದನ್ನೂ ಒಂದೇ ಕೈಯಿಂದ ಕೆತ್ತಿಸಿದರೆ ಅಕ್ಷರ ಹೊಂದುತ್ತದೆ. ಆದರೆ ಕ್ವಿರೀನೊ ಕೆತ್ತಿಸಿದ್ದು ಅಕ್ಷರ ಹೊಂದಲಿ ಅಂತಲ್ಲ. ಪಾಲ್ಮೀರಾ ಹೋದ ವಾರ, ಕಲ್ಲುಕುಟಿಗನ ಕೊಟ್ಟಿಗೆಯಲ್ಲಿ ಎಲ್ಲರೆದುರು ಅಳುತ್ತ, ನನ್ನದನ್ನೂ ಕೆತ್ತು, ಇವತ್ತೇ ಕೆತ್ತು ಅಂದಿದ್ದ. ಅಲ್ಲಿದ್ದ ಹೆಂಗಸರು ಕಣ್ಣೊರೆಸಿಕೊಂಡು, ಗಂಡ ಅಂದರೆ ಇವನು ಅಂದಿದ್ದರು. ದುಃಖ ನಿಜವಾದದ್ದೇ. ಆದರೆ ಆ ಮಾತು ಕಿವಿಗೆ ಬಿದ್ದಾಗ ದುಃಖದ ಒಳಗೇ ಒಂದಿಷ್ಟು ಸಿಹಿಯೂ ಆಗಿತ್ತು. ಆ ಸಿಹಿಯನ್ನು ನೆನೆದರೆ ಅವನಿಗೆ ಇವತ್ತಿಗೂ ಮೈ ಹಿಡಿಯಾಗುತ್ತಿತ್ತು.

"ಬನ್ನಿ ಬನ್ನಿ, ಮನೆಯವರು ಕಾಯ್ತಿದಾರೆ!" ಮುಂದಿನ ತಿರುವಿನಿಂದ ಎವರಿಸ್ತೊ ಕೂಗಿದ.

ಎವರಿಸ್ತೊ ಊರಿನ ಔಷಧದ ಅಂಗಡಿ ನಡೆಸುತ್ತಿದ್ದವನು. ಈಗ ಅಂಗಡಿ ಮಗಳಿಗೆ ಬಿಟ್ಟು, ಭಾನುವಾರವಾದರೆ ಊರಿನ ಹತ್ತು ಜನರನ್ನು ಎಬ್ಬಿಸಿಕೊಂಡು, ಯಾವ ಪ್ರವಾಸಿಯೂ ಬಾರದ ಈ ಕಣಿವೆಗಳಲ್ಲಿ ಮುಳ್ಳುಪೊದೆ ಸವರಿ ಗೋರಿಗಳನ್ನು ಬೆಳಕಿಗೆ ತರುವುದೇ ಅವನ ಕೆಲಸ. ಊರಿನವರು ಇವರನ್ನು ಭಾನುವಾರದ ಹೆಗ್ಗಣಗಳು ಅನ್ನುತ್ತಿದ್ದರು. ಈ ಭಾನುವಾರ ಉಳಿದ ಹೆಗ್ಗಣಗಳೆಲ್ಲ ಆಲಿವ್ ಹೊತ್ತುಕೊಂಡು ಗಾಣದ ಮುಂದೆ ಸರತಿ ನಿಂತಿದ್ದರಿಂದ ಬಂದವರು ಮೂವರೇ. ಎವರಿಸ್ತೊ ಬಂಡೆಯ ಗೋಡೆಗೆ ಮುಖಮಾಡಿ ನಿಂತಿದ್ದ. ಅಲ್ಲಿ ಕಲ್ಲಿನಲ್ಲೇ ಕೆತ್ತಿದ ಬಾಗಿಲಿತ್ತು. ಚೌಕಟ್ಟು, ಹೊಸ್ತಿಲು, ಮೇಲಿನ ಪಟ್ಟಿ ಎಲ್ಲ ಅಚ್ಚುಕಟ್ಟು, ತೆರೆಯುವುದೊಂದೇ ಇಲ್ಲ. ಎವರಿಸ್ತೊ ಪ್ರತಿ ಸಲದಂತೆ ಬೆರಳ ಗೆಣ್ಣಿನಿಂದ ತಟ್ಟಿ, "ಯಾರಮ್ಮ ಒಳಗೆ? ಮಾತ್ರೆ ತಂದಿದೀನಿ" ಅಂದು ಕಿವಿಗೊಟ್ಟ.

"ಡಾಕ್ಟರ್ ಚೀಟಿ ಎರಡೂವರೆ ಸಾವಿರ ವರ್ಷ ಹಳೇದಂತೆ, ತಗೊಳಲ್ವಂತೆ" ಅಂದಳು ವೇಲಿಯಾ.

ಕ್ವಿರೀನೊ ನಗಬೇಕಿತ್ತು. ಪ್ರತಿ ಸಲ ನಕ್ಕಿದ್ದ. ಇವತ್ತು ಆ ಬಾಗಿಲನ್ನು ನೋಡಿದರೆ ಅವನಿಗೆ ಹೋದ ಗುರುವಾರ ನೆನಪಾಯಿತು. ಹೋದ ಗುರುವಾರ ಸತ್ತವರ ದಿನ. ಊರಿಗೆ ಊರೇ ಸೇವಂತಿಗೆ ಕುಂಡ ಹಿಡಿದು ಸ್ಮಶಾನದಲ್ಲಿತ್ತು. ಪಾಲ್ಮೀರಾಳ ತಂಗಿ ಫೆರ್ನಾಂದಾ ಒಂದು ಬಟ್ಟೆ, ಒಂದು ಬಾಟಲಿ ಸಾಬೂನು ನೀರು ತಂದಿದ್ದಳು. ಎದುರು ಗೋಡೆಯಲ್ಲಿ, ನಾಲ್ಕು ಮಾರು ಆಚೆ, ವೇಲಿಯಾ ತನ್ನ ಗಂಡ ರಿನಾಲ್ದೊನ ಕಲ್ಲಿಗೆ ಹೂ ಇಡುತ್ತಿದ್ದಳು. ಅವನು ಆ ಕಡೆ ನೋಡಬಾರದೆಂದು ನಿಶ್ಚಯಿಸಿ ನಿಂತಿದ್ದರಿಂದ ಕುತ್ತಿಗೆ ನೋಯುತ್ತಿತ್ತು. ಫೆರ್ನಾಂದಾ ಅಕ್ಕನ ಮುಖ ಒರೆಸಿದಳು, ಹೆಸರು ಒರೆಸಿದಳು. ಆಮೇಲೆ ಪಕ್ಕಕ್ಕೆ ಸರಿದು, ಬಟ್ಟೆಗೆ ಇನ್ನೊಂದಿಷ್ಟು ಸಾಬೂನು ಹಾಕಿಕೊಂಡು, ಕ್ವಿರೀನೊನ ಫೋಟೊವನ್ನೂ ತಿಕ್ಕತೊಡಗಿದಳು. ತಿಕ್ಕುತ್ತ ತಿಕ್ಕುತ್ತ, ಇಡೀ ಓಣಿಗೆ ಕೇಳುವ ಹಾಗೆ, "ನೋಡು, ನಿನ್ನ ಮೂತಿಗೂ ಎಷ್ಟು ಧೂಳು ಕೂತಿದೆ. ಭಾನುವಾರ ಭಾನುವಾರ ಕಾಡು ಸುತ್ತೋ ಬದಲು ಇಲ್ಲಿ ಬಂದು ಒರಸ್ಕೋಬಾರ್ದಾ? ಯಾಕೋ ಅಕ್ಕನ ಪಕ್ಕದ ಜಾಗ ನಿಂಗೆ ಮರ್ತುಹೋದಂಗಿದೆ" ಅಂದಳು. ಅವನ ಪಾಲಿಗೂ ಒಂದು ಸೇವಂತಿಗೆ ಸಿಕ್ಕಿಸಿದಳು. ಬದುಕಿರುವ ಮನುಷ್ಯ ತನ್ನ ಸಮಾಧಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು, ಯಾರೋ ತನ್ನ ಮೂಗು ಒರೆಸುವುದನ್ನು ನೋಡುತ್ತ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ಅವನಿಗೆ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು ಫೆರ್ನಾಂದಾಳ ಮಾತು ಸುಳ್ಳಲ್ಲವೆಂದು. ಎದುರುಗಡೆ ವೇಲಿಯಾ ಕುಂಡಕ್ಕೆ ನೀರು ಹಾಕಿ, ಹೂ ತಿರುಗಿಸಿ, ಮತ್ತೆ ತಿರುಗಿಸಿ, ಅವರು ಹೋಗುವವರೆಗೂ ಈ ಕಡೆ ಮುಖ ಮಾಡಲಿಲ್ಲ. ಅವಳಿಗೆ ಕೇಳಿಸಿತ್ತು. ಎಲ್ಲರಿಗೂ ಕೇಳಿಸಿತ್ತು.

ಅವತ್ತು ಸಂಜೆಯೇ ಅವನು ಕಲ್ಲುಕುಟಿಗನ ಹತ್ತಿರ ಹೋಗಿ ವಿಚಾರಿಸಿಕೊಂಡು ಬಂದಿದ್ದ. ವೇಲಿಯಾಗೆ ಅದನ್ನೇ ಮೊದಲು ಹೇಳಿ, ಆಮೇಲೆ ಮನೆಯ ಮಾತೆತ್ತಬೇಕೆಂದು ಲೆಕ್ಕ ಹಾಕಿದ್ದ. ಅವಳು ಬಾರದಿದ್ದರೆ ಅಡ್ಡಿ ಆ ಕಲ್ಲು ಒಂದೇ ಎಂದು ಅವನಿಗೆ ಯಾವ ಸಂಶಯವೂ ಇರಲಿಲ್ಲ. ಉಳಿದದ್ದೆಲ್ಲ ಮೊದಲ ದಿನದಿಂದ ಸರಿಯಾಗಿಯೇ ಇತ್ತಲ್ಲ. ಮೊದಲ ದಿನವನ್ನು ಅವನು ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ. ಅವನ ಕೆಲಸದ ಕೊನೆಯ ವರ್ಷ, ಮಾರ್ಚ್ ತಿಂಗಳು, ಬೆಳಗಿನ ಬಸ್ಸು. ಊರಿಗೆ ಹೊಸಬಳಾದ ಒಬ್ಬ ಹೆಂಗಸು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು, ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟಿದ್ದಳು. ಬಣ್ಣ ಹೋದ ಮುಖ, ತೆರೆದ ಬಾಯಿ. ಅಮ್ಮಾ, ಒಳಗೋ ಹೊರಗೋ ಅಂದಿದ್ದ. ಅವಳು ಒಳಗೆ ಬಂದು, ವಿತೆರ್ಬೊ ತಲುಪುವವರೆಗೂ ಮೇಲಿನ ಕನ್ನಡಿಯಲ್ಲಿ ಅವನನ್ನೇ ನೋಡಿದ್ದಳು. ಯಾವ ಹೆಂಗಸೂ, ಪಾಲ್ಮೀರಾ ಕೂಡ, ಅವನನ್ನು ಹಾಗೆ ನೋಡಿರಲಿಲ್ಲ. ಅರವತ್ತು ದಾಟಿದ ಮೇಲೆ ಅಂಥದೊಂದು ನೋಟ ಸಿಕ್ಕಿದರೆ ಮನುಷ್ಯ ಅದರ ಮೇಲೆ ಎಷ್ಟು ದಿನ ಬೇಕಾದರೂ ಬದುಕಬಲ್ಲ.

ಅವರು ಹೋಗಬೇಕಿದ್ದ ಗೋರಿ ಕಣಿವೆಯ ಆಚೆ ಬದಿಯಲ್ಲಿ, ಹಳ್ಳ ದಾಟಿ ಒಂದಿಷ್ಟು ಏರಿದರೆ ಸಿಗುತ್ತಿತ್ತು. ಬಾಗಿದರೆ ಮಾತ್ರ ಒಳಗೆ ಪ್ರವೇಶ. ಒಳಗೆ ನೆಟ್ಟಗೆ ನಿಲ್ಲಬಹುದು. ಚಾವಣಿಯನ್ನು ಮನೆಯ ಮಾಡಿನ ಹಾಗೆ ಇಳಿಜಾರಾಗಿ ಕೊರೆದು, ನಡುವಿನ ತೊಲೆಯನ್ನೂ ಕಲ್ಲಿನಲ್ಲೇ ಬಿಟ್ಟಿದ್ದರು. ಎಡಕ್ಕೊಂದು ಬಲಕ್ಕೊಂದು ಕಲ್ಲುಹಾಸಿಗೆ, ಎರಡಕ್ಕೂ ತಲೆದಿಂಬಿನ ಕಡೆ ಸಣ್ಣ ತಗ್ಗು. ಎರಡು ಮೂರು ತಲೆಮಾರಿನ ಕುರಿಗಾಹಿಗಳು ಚಳಿಗಾಲ ಕಳೆದ ಹೊಗೆಯಿಂದ ಗೋಡೆಯೆಲ್ಲ ಕಪ್ಪು. ಎವರಿಸ್ತೊ ಬ್ಯಾಟರಿ ಬೆಳಕು ಆಡಿಸುತ್ತ, "ಇದು ಗಂಡನ ಮಂಚ, ಇದು ಹೆಂಡತೀದು" ಅಂದ.

"ನಿಂಗ್ಯಾರು ಹೇಳಿದ್ರು?" ವೇಲಿಯಾ ಕೇಳಿದಳು.

"ಮಂಚಕ್ಕೆ ಕಾಲು ಕೆತ್ತಿರೋದು ಗಂಡಂದು. ಹೆಂಗಸರ ಮಂಚಕ್ಕೆ ತಲೆ ಹತ್ರ ಮನೆ ಥರ ಮೂಲೆ ಮಾಡ್ತಾರೆ. ಪುಸ್ತಕದಲ್ಲಿದೆ."

"ಅದೂ ಸರಿ. ಸತ್ತ ಮೇಲೂ ಮನೆ ಹೆಂಗಸಿನ ತಲೆ ಮೇಲೇ."

ಎವರಿಸ್ತೊ ನಗುತ್ತ ಕುಡುಗೋಲು ತೆಗೆದುಕೊಂಡ. ಮೇಲಿನ ಅಂಚಿನಲ್ಲಿ, ಮುಳ್ಳುಪೊದೆಯ ಹಿಂದೆ, ಇನ್ನೊಂದು ಬಾಗಿಲಿದೆಯೆಂದು ಅವನು ಬಹಳ ದಿನದಿಂದ ಹೇಳುತ್ತಿದ್ದ. ನೀವು ರೊಟ್ಟಿ ಸುಡಿ, ನಾನೀಗ ಬಂದೆ ಅಂದು ಹತ್ತಿಹೋದ. ಅವನು ಬೇಕೆಂದೇ ಹೋದನೋ, ನಿಜವಾಗಿ ಬಾಗಿಲಿನ ಆಸೆಗೋ, ಕ್ವಿರೀನೊಗೆ ತಿಳಿಯಲಿಲ್ಲ. ಊರಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುವಾಗ ಔಷಧ ಮಾರುವವನಿಗೆ ಇನ್ನೂ ಒಂದು ಗುಟುಕು ಹೆಚ್ಚೇ ಗೊತ್ತಿರುತ್ತದೆ.

ಗೋರಿಯ ಬಾಯಲ್ಲಿ ಒಲೆ ಹೂಡಿದರು. ವೇಲಿಯಾ ಉಪ್ಪಿಲ್ಲದ, ಬ್ರೆಡ್ಡಿನಂತೆ ಉಬ್ಬಿದ ದೊಡ್ಡ ರೊಟ್ಟಿಯನ್ನು ಎದೆಗೊತ್ತಿಕೊಂಡು ಹೋಳು ಮಾಡಿದಳು. ಕ್ವಿರೀನೊ ಹೋಳುಗಳನ್ನು ಕೆಂಡದ ಮೇಲೆ ಕಬ್ಬಿಣದ ಜಾಲರಿಯಲ್ಲಿಟ್ಟ. ಸುಟ್ಟ ಹೋಳಿಗೆ ಅವಳು ಬೆಳ್ಳುಳ್ಳಿ ಉಜ್ಜಿ, ಉಪ್ಪು ಉದುರಿಸಿ, ಈ ವಾರವಷ್ಟೇ ಗಾಣದಿಂದ ಬಂದ ಹಸಿರು ಎಣ್ಣೆಯನ್ನು ಧಾರಾಳವಾಗಿ ಸುರಿದು ಕೊಟ್ಟಳು. ಎಣ್ಣೆ ಗಂಟಲಲ್ಲಿ ಚುರುಗುಟ್ಟಿ ಕೆಮ್ಮು ಬಂತು. ಅವಳ ಗಲ್ಲದ ಮೇಲೆ ಒಂದು ಹನಿ ಎಣ್ಣೆ ಹೊಳೆಯುತ್ತಿತ್ತು. ಅವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಆ ಹನಿಯನ್ನು ಒರೆಸಲು ಕೈ ಎತ್ತಿ, ಧೈರ್ಯ ಸಾಲದೆ ಅದೇ ಕೈಯಿಂದ ತನ್ನ ಗಲ್ಲ ಒರೆಸಿಕೊಂಡ. ಒಳ್ಳೆಯ ಹೊತ್ತು ಇದೇ ಅನ್ನಿಸಿತು. ಮಾತು ಹೊರಬಂತು. ಆದರೆ ಲೆಕ್ಕ ಹಾಕಿದ ಕ್ರಮದಲ್ಲೇ ಬಂತು.

"ನಾನು ಕಲ್ಲಿನವನ ಹತ್ರ ಮಾತಾಡ್ದೆ, ವೇಲಿಯಾ."

"ಯಾವ ಕಲ್ಲು?"

"ಸ್ಮಶಾನದ್ದು. ನನ್ನ ಹೆಸರು ಅಳಿಸ್ಬೋದಂತೆ. ತಿಕ್ಕಿ, ಮೇಲೆ ಏನೋ ತುಂಬಿ ಹೊಳಪು ಕೊಡ್ತಾನಂತೆ. ಫೋಟೊ ಕಿತ್ತ ಗುರುತೂ ಕಾಣಲ್ವಂತೆ. ಬರೀ ಪಾಲ್ಮೀರಾ ಹೆಸರು ಇರುತ್ತೆ. ನೀನು ಹೂಂ ಅಂದ್ರೆ ಇದೇ ವಾರ ಮಾಡಿಸ್ತೀನಿ."

ಅವಳು ತಿನ್ನುವುದನ್ನು ನಿಲ್ಲಿಸಿದಳು. ಅವನು ಸಂತೋಷದ ಗುರುತಿಗಾಗಿ ಅವಳ ಮುಖ ಹುಡುಕುತ್ತಿದ್ದ. ಅಲ್ಲಿ ಸಂತೋಷ ಇರಲಿಲ್ಲ.

"ನಾನು ಹೂಂ ಅಂದ್ರೆ?"

"ಹೂಂ. ನಿಂಗೋಸ್ಕರ."

"ನಂಗೋಸ್ಕರ ಹೆಂಡ್ತಿ ಪಕ್ಕದಿಂದ ಎದ್ದು ಬರ್ತೀಯ. ಊರವರೆಲ್ಲ ನೋಡೋ ಹಂಗೆ, ಅರ್ಧ ಕಲ್ಲು ಬೋಳು ಮಾಡಿ, ಅವಳೊಬ್ಬಳನ್ನೇ ಅಲ್ಲಿ ಕೂರಿಸಿ. ನಾಚಿಕೆ ಆಗಲ್ವೇನೋ ನಿಂಗೆ?"

"ವೇಲಿಯಾ, ನಾನು ಅಂದಿದ್ದು..."

"ಬೇಡ. ಮಾತಾಡ್ಬೇಡ. ಅವಳನ್ನ ತಿಕ್ಕಿ ಹಾಕೋನು ನಾಳೆ ನನ್ನನ್ನ ತಿಕ್ಕಲ್ಲ ಅಂತ ಏನು ಗ್ಯಾರಂಟಿ?"

ಅವಳು ಎದ್ದು ಗೋರಿಯ ಒಳಗೆ ಹೋಗಿಬಿಟ್ಟಳು. ಅವನು ಜಾಲರಿಯ ಮೇಲೆ ಉಳಿದ ಹೋಳುಗಳು ಕರಿಯಾಗುವುದನ್ನು ನೋಡುತ್ತ ಹೊರಗೆ ಕೂತ. ಹಾಗಾದರೆ ಆಗಿಹೋಯಿತು. ಮನೆಯ ಮಾತು ಎತ್ತುವುದಕ್ಕೂ ಮುಂಚೆ ಮನೆ ಹೋಯಿತು. ಅವನಿಗೆ ಮೊದಲು ಸಿಟ್ಟು ಬಂತು. ಏನು ಮಾಡಿದರೂ ತಪ್ಪು, ಹೆಸರಿದ್ದರೂ ತಪ್ಪು ಅಳಿಸಿದರೂ ತಪ್ಪು, ಫೆರ್ನಾಂದಾಳಿಗೂ ಬೇಡ ಇವಳಿಗೂ ಬೇಡ. ಸಿಟ್ಟು ಇಳಿದ ಮೇಲೆ ಅದರ ಕೆಳಗಿದ್ದದ್ದು ಕಂಡಿತು. ಕಲ್ಲುಕುಟಿಗ ಗುರುವಾರ ಸಂಜೆ ಹಲಗೆಯ ಅಳತೆ ಕೇಳುತ್ತ, ಬಲಗಡೆ ಬೋಳು ಬಿಟ್ಟರೆ ಚೆಂದ ಕಾಣಲ್ಲ, ಪಾಲ್ಮೀರಾಳ ಹೆಸರನ್ನೂ ತಿಕ್ಕಿ ನಡುವಿಗೆ ತಂದು ಹೊಸದಾಗಿ ಕೆತ್ತೋಣ ಅಂದಿದ್ದ. ಅದಕ್ಕೆ ಕ್ವಿರೀನೊ ಏನಂದಿದ್ದ? ನಿನಗೆ ಸರಿ ಕಂಡಂತೆ ಮಾಡಪ್ಪ ಅಂದಿದ್ದ. ಅಷ್ಟು ಹಗುರವಾಗಿ. ಒಬ್ಬ ಹೆಂಗಸು, ಅವನ ಜೊತೆ ಇಡೀ ಆಯುಷ್ಯ ಕಳೆದವಳು, ಕೊನೆಯ ತಿಂಗಳಲ್ಲೂ ಅವನ ಸಮವಸ್ತ್ರದ ಗುಂಡಿ ಸಡಿಲವಾಗಿದೆ ಎಂದು ಮಂಚದಿಂದಲೇ ಕೈ ಚಾಚಿದವಳು, ಸ್ವಲ್ಪ ನಡುವಿಗೆ ಸರಿಯಲಿ ಅಂತ. ಅಳುತ್ತ ಕೆತ್ತಿಸಿದಾಗ ಜನರ ಮೆಚ್ಚುಗೆ ಬೇಕಾಗಿತ್ತು, ಅಳಿಸುವಾಗ ವೇಲಿಯಾಳ ಮೆಚ್ಚುಗೆ ಬೇಕಾಗಿತ್ತು. ಎರಡು ಸಲವೂ ಪಾಲ್ಮೀರಾ ಕಲ್ಲಾಗಿಯೇ ಇದ್ದಳು. ಅವನಿಗೆ ಅಳು ಬಂತು. ಹೊಗೆಯೆಂದು ಹೇಳಿಕೊಳ್ಳಲು ಹೊಗೆ ಇತ್ತು, ಆದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

"ಕ್ವಿರೀನೊ! ಬಾಗಿಲು ಥರಾನೇ ಇದೆ!" ಮೇಲಿನಿಂದ ಎವರಿಸ್ತೊನ ಧ್ವನಿ, ಕೊಂಬೆ ಮುರಿಯುವ ಸದ್ದಿನ ನಡುವೆ.

"ಸರಿ!" ಅಂತ ಕೂಗಿ, ಮೂಗೊರೆಸಿಕೊಂಡು, ಅವನು ಬಾಗಿ ಒಳಗೆ ಹೋದ.

ವೇಲಿಯಾ ಎಡಗಡೆಯ ಕಲ್ಲುಹಾಸಿಗೆಯ ಅಂಚಿನಲ್ಲಿ ಬೆನ್ನಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಅವನು ಎದುರಿನ ಹಾಸಿಗೆಯ ಮೇಲೆ ಕೂತ. ನಡುವೆ ಮಂಡಿಗೆ ಮಂಡಿ ತಾಕುವಷ್ಟೇ ಜಾಗ. ಅವನು ಕಲ್ಲಿನವನಿಗೆ ಬೇಡ ಅಂತ ಹೇಳ್ತೀನಿ ಅಂದ. ಅವಳು ಬೇರೆ ಯಾವುದೋ ಮಾತಿನ ನಡುವೆ ಇದ್ದವಳಂತೆ ಕೇಳಿದಳು.

"ನಿನ್ನ ಬಸ್ಸಿಗೆ ನಾನು ಮೊದಲ್ನೇ ಸಲ ಹತ್ತಿದ್ದು ನೆನಪಿದೆಯಾ?"

ನೆನಪಿದೆಯಾ! "ಒಂದು ಕಾಲು ಮೆಟ್ಲ ಮೇಲೆ ಇಟ್ಟು ನಿಂತಿದ್ದೆ. ನನ್ನನ್ನೇ ನೋಡ್ತಾ."

"ನೋಡ್ದೆ ಇನ್ನೇನು ಮಾಡ್ಲಿ. ನೀನು ಸತ್ತಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಹೇಳಿದಳು. ರಿನಾಲ್ದೊ ಹೋದ ಮೇಲೆ ಅವಳು ಓರ್ತೆಯಲ್ಲಿ ತಂಗಿಯ ಮನೆಯಲ್ಲಿದ್ದಳು. ರಿನಾಲ್ದೊ ಈ ಊರಿನವನಾದ್ದರಿಂದ ಅವನನ್ನು ಇಲ್ಲಿ ಇಟ್ಟಿದ್ದರು. ಶನಿವಾರ ಶನಿವಾರ ತಂಗಿಯ ಮಗ ಕಾರಿನಲ್ಲಿ ಕರೆತಂದು ಸ್ಮಶಾನದ ಬಾಗಿಲಲ್ಲಿ ಬಿಡುತ್ತಿದ್ದ, ಅವನೇ ವಾಪಸು ಕರೆದೊಯ್ಯುತ್ತಿದ್ದ. ಮಾರ್ಚಿನಲ್ಲಿ ಇಲ್ಲಿಗೇ ಬಂದು ನೆಲೆಸುವವರೆಗೂ ಊರೊಳಗೆ ಕಾಲಿಟ್ಟವಳಲ್ಲ, ಯಾರ ಪರಿಚಯವೂ ಇಲ್ಲ.

"ಎದುರು ಗೋಡೇಲಿ ಒಂದಿನ ಹೊಸ ಕಲ್ಲು ಬಂತು. ಗಂಡ ಹೆಂಡ್ತಿ. ಫೋಟೊದಲ್ಲಿ ಹೆಂಡ್ತಿ ಸಾಧ್ವಿ ಥರ ಇದ್ಲು. ಗಂಡ ಮಾತ್ರ ಯಾರ್ದೋ ಮದ್ವೇಲಿ ಕುಡ್ದು ನಗ್ತಿದ್ದ. ದೂರದ ಕನ್ನಡಕ ನಾನು ಹಾಕ್ಕೊಂಡು ಹೋಗ್ತಿರ್ಲಿಲ್ಲ, ಅಳೋಕೆ ಅಡ್ಡ ಅಂತ. ಇಸವಿ ಯಾರು ಓದ್ತಾರೆ? ಪಾಪ, ಇಬ್ರೂ ಒಟ್ಟಿಗೇ ಹೋಗ್ಬಿಟ್ರು, ಯಾವ್ದೋ ಅಪಘಾತ ಇರ್ಬೇಕು ಅಂದ್ಕೊಂಡೆ. ಚಳಿಗಾಲ ಪೂರ್ತಿ ನಿಮ್ಮಿಬ್ರಿಗೂ ಪ್ರಾರ್ಥನೆ ಹೇಳ್ದೆ. ರಿನಾಲ್ದೊಗೆ ಒಂದು, ಅವಳಿಗೊಂದು, ನಿಂಗೊಂದು. ನಿಂಗೆ ಚಿರಶಾಂತಿ ಕೊಡ್ಲಿ ಅಂತ ಎಷ್ಟು ಸಲ ಕೇಳಿದೀನಿ ಗೊತ್ತಾ?"

ಆ ನೋಟ, ಇಷ್ಟು ಕಾಲ ಜೋಪಾನ ಮಾಡಿದ್ದ ಆ ಒಂದು ನೋಟ, ಭಯದ್ದು. ಒಂದು ಗಳಿಗೆ ಅವನಿಗೆ ತನ್ನ ಬಗ್ಗೆ ತೀರ ಕನಿಕರವಾಯಿತು. ಆಮೇಲೆ, ತಡೆಯಲಾರದೆ, ನಗು.

"ನಗು, ನಗು. ನನ್ನ ಎದೆ ನಿಂತುಹೋಗಿತ್ತು. ಸತ್ತೋನು ಬಸ್ಸೋಡಿಸ್ತಾ ಇದಾನೆ, ಒಳಗೋ ಹೊರಗೋ ಅಂತಾನೆ! ವಿತೆರ್ಬೊದಲ್ಲಿ ಕೆಲ್ಸ ಇತ್ತು, ಮರ್ತು, ಅದೇ ಬಸ್ಸಲ್ಲಿ ವಾಪಸ್ ಬಂದೆ. ನೇರ ಸ್ಮಶಾನಕ್ಕೆ ಹೋಗಿ ಕನ್ನಡಕ ಹಾಕ್ಕೊಂಡು ನೋಡ್ದೆ. ಗೆರೆ ಮುಂದೆ ಏನೂ ಇಲ್ಲ." ಅವಳ ಧ್ವನಿ ತಗ್ಗಿತು. "ಎಷ್ಟು ಖುಷಿ ಆಯ್ತು ಗೊತ್ತಾ. ಗುರುತು ಪರಿಚಯ ಇಲ್ದೋನು. ಆ ಖಾಲಿ ಕಲ್ಲನ್ನ ಕೈಯಲ್ಲಿ ಸವರಿ ನೋಡ್ದೆ. ಚಳಿಗಾಲದಲ್ಲಿ ನಿಂಗೆ ಎಲ್ಲಾ ಹೇಳ್ತಿದ್ದೆ ಕಣೋ. ನನ್ನ ಮಂಡಿ ನೋವು, ತಂಗಿ ಗಂಡನ ಕಾಟ, ಎಲ್ಲಾ. ರಿನಾಲ್ದೊಗೆ ಹೇಳಿದ್ರೆ ಬೇಜಾರ್ ಮಾಡ್ಕೋತಾನೆ ಅಂತ ನಿಂಗೆ ಹೇಳ್ತಿದ್ದೆ. ಅವಾಗ ನೀನು ಚೆನ್ನಾಗಿ ಕೇಳಿಸ್ಕೋತಿದ್ದೆ. ಬದುಕಿದ ಮೇಲೇ ಮಾತು ಜಾಸ್ತಿ ಆಗಿದ್ದು."

ಅವನು ನಗುವುದನ್ನು ಬಿಟ್ಟಿದ್ದ.

"ನಾನು ಇಷ್ಟಪಟ್ಟಿದ್ದು ಹೆಂಡ್ತಿ ಪಕ್ಕ ಕೂತು ನಗ್ತಿದ್ದ ಮನುಷ್ಯನ್ನ. ಅವನನ್ನ ತಿಕ್ಕಿ ಹಾಕಿ ನಂಗೋಸ್ಕರ ಅಂದ್ರೆ ಹೆಂಗಾಗ್ಬೇಡ. ಸತ್ತ ಮೇಲೆ ನೀನು ಅವಳವನು. ನಾನು ಎದುರಿಗೆ ನನ್ನ ರಿನಾಲ್ದೊ ಜೊತೆ ಇರ್ತೀನಿ. ಅಲ್ಲಿಂದ ಕಾಣುತ್ತಲ್ಲ, ಸಾಕು. ಫೆರ್ನಾಂದಾ ಇಬ್ರದ್ದೂ ಮೂತಿ ಒರಸ್ಲಿ."

ಹೊರಗೆ ಬೆಂಕಿ ಚಟಪಟ ಅಂದಿತು. ರೊಟ್ಟಿ ಪೂರ್ತಿ ಸುಟ್ಟ ವಾಸನೆ ಒಳಗೂ ಬರುತ್ತಿತ್ತು, ಇಬ್ಬರೂ ಏಳಲಿಲ್ಲ. ಕ್ವಿರೀನೊಗೆ ಲೆಕ್ಕ ಹಾಕಿದ ಯಾವ ಕ್ರಮವೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದ.

"ಸತ್ತ ಮೇಲಿಂದು ಬಿಡು. ಅಲ್ಲೀತನಕ ನನ್ನ ಮನೇಲಿ ಇರ್ತೀಯಾ? ಒಬ್ನೇ ಊಟ ಮಾಡಿ ಮಾಡಿ ಸಾಕಾಗಿದೆ ವೇಲಿಯಾ. ನೀನು ಹೋದ ಮೇಲೆ ಭಾನುವಾರ ಸಾಯಂಕಾಲ ನಂಗೆ ಬಹಳ ಕಷ್ಟ ಆಗುತ್ತೆ."

ಅವಳು ಕಲ್ಲಿನ ತಲೆದಿಂಬಿನ ತಗ್ಗಿನಲ್ಲಿ ಬಿದ್ದಿದ್ದ ಒಣ ಎಲೆಯೊಂದನ್ನು ತೆಗೆದು ಬಿಸಾಡಿದಳು.

"ಪಾಲ್ಮೀರಾ ಯಾವ ಕಡೆ ಮಲಗ್ತಿದ್ಲು?"

"ಎಡಗಡೆ. ಕಲ್ಲಲ್ಲಿ ನೋಡಿದೀಯಲ್ಲ."

"ಸ್ಮಶಾನದಲ್ಲಲ್ಲ ಕಣೋ. ಮನೇಲಿ."

ಅವನಿಗೆ ಕಿವಿಯವರೆಗೂ ಬಿಸಿಯೇರಿತು. ಆ ಕೋಣೆ ಕಣ್ಣ ಮುಂದೆ ಬಂತು. ಮಂಚದ ಒಂದು ಬದಿ ಮಾತ್ರ ತಗ್ಗಾದ ಹಾಸಿಗೆ, ಇನ್ನೊಂದು ಬದಿಯಲ್ಲಿ, ಯಾರೂ ತಲೆಯಿಡದಿದ್ದರೂ ತನ್ನ ದಿಂಬಿನ ಜೊತೆಗೆ ತಪ್ಪದೆ ಗವಸು ಬದಲಿಸುವ ದಿಂಬು. ಪಾಲ್ಮೀರಾ ಹೋದಂದಿನಿಂದ ಅವನು ನಿದ್ದೆಯಲ್ಲಿ ಕೂಡ ಆ ಕಡೆ ಹೊರಳಿರಲಿಲ್ಲ.

"ಕಿಟಕಿ ಕಡೆ" ಅಂದ.

"ಹಂಗಾದ್ರೆ ಆ ಕಡೆ ನೀನು ಮಲ್ಕೋ. ನಿನ್ನ ಜಾಗ ನಂಗೆ ಕೊಡು. ಅವಳ ಜಾಗಕ್ಕೆ ನಾನು ಬರಲ್ಲ."

ಮಂಡಿಗೆ ಮಂಡಿ ತಾಕಿತ್ತು. ಅವನು ಈ ಸಲ ಧೈರ್ಯ ಮಾಡಿ ಅವಳ ಗಲ್ಲದ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದ. ಅವಳು ಒರೆಸಗೊಟ್ಟಳು. ಕಿಟಕಿಯ ಹಲಗೆ ಸರಿಯಾಗಿ ಮುಚ್ಚುವುದಿಲ್ಲ, ಬೆಳಗಾದರೆ ಬಿಸಿಲು ನೆಟ್ಟಗೆ ಕಣ್ಣಿಗೇ ಬೀಳುತ್ತದೆ ಎಂದು ಪಾಲ್ಮೀರಾ ವರ್ಷಗಟ್ಟಲೆ ಹೇಳಿದ್ದಳು. ನಾಳೆ ಸರಿಮಾಡ್ತೀನಿ ಎಂದು ಅವನು ವರ್ಷಗಟ್ಟಲೆ ಗೋಡೆ ಕಡೆ ತಿರುಗಿ ಮಲಗಿದ್ದ. ಎಷ್ಟು ಬಿಸಿಲು ಬೀಳುತ್ತದೆಂದು ಅವನು ಒಂದು ದಿನವೂ ಆ ಕಡೆಯಿಂದ ನೋಡಿರಲಿಲ್ಲ.

"ಆ ಕಡೆ ಬೆಳಗ್ಗೆ ಬಿಸ್ಲು ಕಣ್ಣಿಗೆ ಹೊಡೆಯುತ್ತೆ" ಅಂದ.

"ಹೊಡೀಲಿ" ಅಂದಳು ವೇಲಿಯಾ. "ಎದ್ದು ಕಾಫಿ ಇಡು."